ಪಿನ್ ಒತ್ತಿದರೆ ರೊಕ್ಕ ಬರುವುದೆಂಬ ಭ್ರಾಂತಿ

ಹಳೆಯ ಕಾರನ್ನು ಅಂತರ್ಜಾಲದ ಮೂಲಕ ಮಾರಲು ಹೊರಟವರ ಮನಸ್ಸಿನಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳು ಹಲವುಂಟು. ಅವುಗಳಲ್ಲಿ ಒಂದು ಮಾತ್ರ, ಬ್ಯಾಂಕುಗಳು ಎಷ್ಟು ಸಾರಿ ಹೇಳಿದರೂ, ಪೊಲೀಸರು ಎಷ್ಟು ಎಚ್ಚರಿಸಿದರೂ, ಮೋಸಹೋದವರ ಸುದ್ದಿ ಪತ್ರಿಕೆಗಳಲ್ಲಿ ಎಷ್ಟು ಬಂದರೂ, ಕದಲದೆ ನಿಂತಿರುವುದನ್ನು ಕಂಡು ನನಗೆ ಬೇಸರವೂ ವ್ಯಥೆಯೂ ಒಟ್ಟಿಗೇ ಆಗುತ್ತವೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ವ್ಯಾಪಾರಿಗಳಲ್ಲಿ, ಕಾಲೇಜಿನ ಅಧ್ಯಾಪಕರಲ್ಲಿ, ಕಮಲಾಪುರದ ಕೆಂಪು ಬಾಳೆಯ ತೋಟದವರಲ್ಲಿ ಅದನ್ನು ಒಂದೇ ರೂಪದಲ್ಲಿ ಕೇಳಬಹುದು: “ರೊಕ್ಕ ನಮ್ಮ ಖಾತಿಗಿ ಬರಬೇಕಂದ್ರ ಪಿನ್ ಹಾಕಬೇಕಲ್ರೀ?”

ಹಾಕಬೇಕಾಗಿಲ್ಲ, ಎಂದಿಗೂ ಹಾಕಬೇಕಾಗಿಲ್ಲ. 2016ರಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ವ್ಯವಸ್ಥೆಯನ್ನು ಜಾರಿಗೆ ತಂದಂದಿನಿಂದಲೂ ಪಿನ್ ಎಂಬುದು, ಖಾತೆಯ ಒಡೆಯನು ತನ್ನ ಶಿಲ್ಕನ್ನು ನೋಡಲು ಅಥವಾ ತನ್ನ ಹಣವನ್ನು ಹೊರಕ್ಕೆ ಕಳುಹಿಸಲು ಬ್ಯಾಂಕಿಗೆ ಕೊಡುವ ಸಮ್ಮತಿಯೇ ಹೊರತು, ಪರರ ಹಣವನ್ನು ಬರಮಾಡಿಕೊಳ್ಳುವ ಉಪಾಯವಲ್ಲ. ಬರತಕ್ಕ ಹಣ ನಾವು ನಿದ್ರಿಸುತ್ತಿರುವಾಗಲೂ ತಾನಾಗಿ ಬಂದು ಸೇರುತ್ತದೆ. ಕ್ಯೂಆರ್ ಸಂಕೇತದ ವಿಚಾರವೂ ಹೀಗೆಯೇ. ಅದರ ಕಪ್ಪು ಬಿಳಿ ಚೌಕಗಳಲ್ಲಿ ಅಡಗಿರುವುದು ಹಣ ಪಡೆಯತಕ್ಕವನ ವಿಳಾಸ, ಕೆಲವೊಮ್ಮೆ ಅದರೊಡನೆ ಮೊತ್ತ. ಅದನ್ನು ಸ್ಕ್ಯಾನ್ ಮಾಡುವವನು ಹಣ ಕೊಡತಕ್ಕವನು. ಕಿರಾಣಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವವನು ಗಿರಾಕಿಯೇ ಹೊರತು ಅಂಗಡಿಕಾರನಲ್ಲವೆಂಬುದನ್ನು ದಿನನಿತ್ಯ ಕಣ್ಣಾರೆ ಕಾಣುವ ಜನವೇ, ತಾವು ಮಾರುವವರಾದ ಗಳಿಗೆಯಲ್ಲಿ, ಕೊಳ್ಳುವವನು ಕಳುಹಿಸಿದ ಸಂಕೇತವನ್ನು ಸ್ಕ್ಯಾನ್ ಮಾಡಲು ಹೇಗೆ ಒಪ್ಪುತ್ತಾರೆ?

ಇದಕ್ಕೆ ಕಾರಣ ನಮ್ಮ ಹಳೆಯ ಅಭ್ಯಾಸದಲ್ಲಿದೆಯೆಂದು ನಾನು ಭಾವಿಸುತ್ತೇನೆ. ಯುಪಿಐ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಎಟಿಎಂ ಬಂದಿತ್ತು. ಅಲ್ಲಿ ಪಿನ್ ಒತ್ತಿದೊಡನೆ ನೋಟುಗಳು ಕೈಗೆ ಬರುತ್ತಿದ್ದುವು. ಆ ನೋಟುಗಳು ಖಾತೆಯಿಂದ ಹೊರಟವೆಂಬುದನ್ನು ಬುದ್ಧಿ ತಿಳಿದಿದ್ದರೂ, ಪಿನ್ ಒತ್ತುವುದೆಂದರೆ ಹಣ ದೊರೆಯುವುದೆಂಬ ಸಂಸ್ಕಾರವನ್ನು ಬೆರಳುಗಳು ಕಲಿತವು. ವಂಚಕನು ಬಳಸಿಕೊಳ್ಳುವುದು ಆ ಸಂಸ್ಕಾರವನ್ನೇ.

ಕಮಲಾಪುರದವರೊಬ್ಬರು ತಮ್ಮ ಕೆಎ 32 ಸಂಖ್ಯೆಯ ಕಾರಿಗೆ ಮೂರು ಲಕ್ಷ ರೂಪಾಯಿ ಬೆಲೆ ಹೇಳಿ ಜಾಹೀರಾತು ಹಾಕಿದರೆಂದಿಟ್ಟುಕೊಳ್ಳಿ. ಬಹುಬೇಗ ಕರೆ ಬರುತ್ತದೆ. ತಾನು ಸೇನೆಯಲ್ಲಿರುವವನು, ವರ್ಗವಾಗಿದೆ, ಗಾಡಿ ತುರ್ತಾಗಿ ಬೇಕು ಎನ್ನುತ್ತಾನೆ. ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡುಗಳ ಚಿತ್ರಗಳನ್ನು ಕೇಳುವ ಮೊದಲೇ ಕಳುಹಿಸುತ್ತಾನೆ. ಗಾಡಿ ನೋಡುವುದಿಲ್ಲ, ಇಂಜಿನ್ನಿನ ಸದ್ದು ಕೇಳುವುದಿಲ್ಲ, ಬೆಲೆಯಲ್ಲಿ ಒಂದು ರೂಪಾಯಿ ಇಳಿಸೆನ್ನುವುದಿಲ್ಲ. ಮುಂಗಡ ಕಳುಹಿಸುತ್ತೇನೆ, ಸೈನ್ಯದ ಖಾತೆಯ ಪದ್ಧತಿಯೇ ಬೇರೆ, ಮೊದಲು ಪರೀಕ್ಷೆಗಾಗಿ ಒಂದು ಸಣ್ಣ ಮೊತ್ತಕ್ಕೆ ಸ್ಕ್ಯಾನ್ ಮಾಡಿ ಎನ್ನುತ್ತಾನೆ. ಐದು ರೂಪಾಯಿ ಹೋದೊಡನೆ ತನ್ನ ಕಡೆಯಿಂದ ಹತ್ತು ರೂಪಾಯಿ ನಿಜವಾಗಿಯೂ ಹಾಕುತ್ತಾನೆ. ಆ ಹತ್ತು ರೂಪಾಯಿ ಬಂದದ್ದು ಪಿನ್ ಒತ್ತಿದ್ದರಿಂದಲ್ಲ, ಅವನು ಪ್ರತ್ಯೇಕವಾಗಿ ಕಳುಹಿಸಿದ್ದರಿಂದ. ಆದರೆ ಎರಡೂ ಒಂದರ ಹಿಂದೆ ಒಂದಾಗಿ ನಡೆದುದರಿಂದ ಕಾರ್ಯಕಾರಣ ಸಂಬಂಧವಿದೆಯೆಂಬ ಭ್ರಮೆ ಮನಸ್ಸಿನಲ್ಲಿ ಸ್ಥಿರವಾಗುತ್ತದೆ. ಮುಂದಿನ ಸಂಕೇತದಲ್ಲಿರುವುದು ಐವತ್ತು ಸಾವಿರ. ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ಮೂಲಕ ಸಾಮಾನ್ಯವಾಗಿ ದಿನಕ್ಕೆ ಕಳುಹಿಸಬಹುದಾದುದೇ 1 ಲಕ್ಷ ರೂಪಾಯಿ. ಮೂರು ಲಕ್ಷದ ಕಾರಿನ ಬೆಲೆ ಆ ದಾರಿಯಲ್ಲಿ ಒಂದೇ ದಿನ ಬರುವುದು ಸಾಧ್ಯವಿಲ್ಲವೆಂಬಷ್ಟನ್ನಾದರೂ ಯೋಚಿಸಿದ್ದರೆ ಸಂಶಯ ಹುಟ್ಟಬೇಕಿತ್ತು.

ನಮ್ಮ ಭಾಗಕ್ಕೆ ಇಲ್ಲಿ ಒಂದು ವಿಶೇಷ ಅಪಾಯವಿದೆ. ಕರೆ ಮಾಡುವವನು ಹಿಂದಿಯಲ್ಲಿ ಮಾತನಾಡುತ್ತಾನೆ. ರಾಜ್ಯದ ದಕ್ಷಿಣದ ಹಳ್ಳಿಯೊಂದರಲ್ಲಿ ಅಪರಿಚಿತನ ಹಿಂದಿಯೇ ಒಂದು ತಡೆಯಾಗಬಹುದು. ನಿಜಾಮರ ಆಳ್ವಿಕೆಯನ್ನು ಕಂಡ ಕಲಬುರಗಿಯಲ್ಲಿ, ಉರ್ದು ದಖನಿಗಳು ಕನ್ನಡದೊಡನೆ ಸಂತೆಯಲ್ಲೂ ಓಣಿಯಲ್ಲೂ ಬೆರೆತಿರುವಾಗ, ಆ ಧ್ವನಿ ಪರಕೀಯವೆನಿಸುವುದೇ ಇಲ್ಲ. ಜೊತೆಗೆ ಸೈನಿಕನೆಂದರೆ ನಮಗಿರುವ ಗೌರವ. ಇಂಥ ವಂಚನೆಗಳ ಜಾಡು ಹಿಡಿದು ಹಲವು ರಾಜ್ಯಗಳ ಪೊಲೀಸರು ರಾಜಸ್ಥಾನದ ಭರತಪುರ, ಹರಿಯಾಣದ ನೂಹ್ ಪ್ರದೇಶಗಳಿಗೆ ಹೋಗಿ ಆರೋಪಿಗಳನ್ನು ಬಂಧಿಸಿದ್ದಾರೆ. ಆ ಕರೆ ಯಾವ ಗಡಿಯ ಠಾಣ್ಯದಿಂದಲೂ ಬರುವುದಲ್ಲ.

2025ರ ಅಕ್ಟೋಬರ್ 1ರಿಂದ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಯುಪಿಐನಲ್ಲಿ ಹಣ ಕೇಳಿ ಕೋರಿಕೆ ಕಳುಹಿಸುವ ಸೌಲಭ್ಯವನ್ನು ನಿಗಮವು ನಿಲ್ಲಿಸಿತು. ಅಲ್ಲಿಗೆ ಮೋಸವೇ ನಿಂತಿತೆಂದು ನಂಬಿದವರೂ ಇದ್ದಾರೆ. ಮುಚ್ಚಿದುದು ಒಂದು ದಾರಿ. ಕ್ಯೂಆರ್ ಸಂಕೇತ ಹಾಗೆಯೇ ಇದೆ.

ಉಳಿದ ಕಲ್ಪನೆಗಳಿಗೆ ಇಷ್ಟು ವಿಸ್ತಾರ ಬೇಡ. ಹಣ ಸಂದಾಯವಾದ ಸ್ಕ್ರೀನ್‌ಶಾಟ್ ಪುರಾವೆಯಲ್ಲ, ನಮ್ಮ ಖಾತೆಯ ಶಿಲ್ಕು ಮಾತ್ರ ಪುರಾವೆ. ನಗದೇ ನಿರಾತಂಕವೆನ್ನುವವರು, 2017ರ ಏಪ್ರಿಲ್ 1ರಿಂದ ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆಯುವುದು ಆದಾಯ ತೆರಿಗೆಯ ಕಾನೂನಿಗೆ ವಿರುದ್ಧವೆಂಬುದನ್ನೂ, ಅದರ ದಂಡ ಬೀಳುವುದು ಪಡೆದವನ ಮೇಲೆ ಎಂಬುದನ್ನೂ ಅರಿಯಬೇಕು. ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೀಲಿಕೈ ಕೊಟ್ಟರೆ ಗಾಡಿಯ ಋಣ ತೀರಿತೆಂಬುದು ಇನ್ನೊಂದು ಅಪಾಯಕರ ನಂಬಿಕೆ: 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟು, ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತ ಹೋದ ಕಾರೊಂದರ ಅಪಘಾತದಲ್ಲಿ, ನೋಂದಣಿಯಲ್ಲಿ ಹೆಸರು ಉಳಿದಿದ್ದ ಮೊದಲ ಒಡೆಯನೇ ಪರಿಹಾರಕ್ಕೆ ಹೊಣೆಯೆಂದು ತೀರ್ಪಿತ್ತಿತು. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸತಕ್ಕದ್ದು. ಕೊಂಡವನ ಸೌಜನ್ಯಕ್ಕೆ ಅದನ್ನು ಬಿಡಬಾರದು.

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ಕೊಳ್ಳುವವನು ಚೀಲಕ್ಕೆ ಕೈಹಾಕಿ, ಕಾಳನ್ನು ಅಂಗೈಮೇಲೆ ಹರಡಿ, ಒಂದೆರಡನ್ನು ಕಡಿದು ನೋಡದೆ ದರ ಹೇಳುವುದಿಲ್ಲ. ಅಂಥ ಪರೀಕ್ಷಕಬುದ್ಧಿಯನ್ನು ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಜನ, ಕಾಣದ ಮನುಷ್ಯ ಕಳುಹಿಸಿದ ಒಂದು ಚಿತ್ರಕ್ಕೆ ಆ ಬುದ್ಧಿಯನ್ನು ಒಪ್ಪಿಸಿಬಿಡುತ್ತಾರೆ. ಮನೆಯ ಬಾಗಿಲಿಗೆ ಬಂದು ಗಾಡಿ ನೋಡಿ ಚೌಕಾಸಿ ಮಾಡುವ ಪಕ್ಕದ ಊರಿನವನ ಮೇಲೆ ಸಂಶಯ. ಚೌಕಾಸಿಯನ್ನೇ ಮಾಡದವನ ಮೇಲೆ ವಿಶ್ವಾಸ! ಪರದೆಯ ಮೇಲೆ ಮೂಡಿದುದಕ್ಕೆಲ್ಲ ಮುದ್ರೆಯೊತ್ತಿದ ಕಾಗದದ ಗೌರವವನ್ನು ನಾವು ಕೊಡುತ್ತಿದ್ದೇವೆ. ಔಷಧಿಯ ವಿಚಾರದಲ್ಲಿ, ನೌಕರಿಯ ವಿಚಾರದಲ್ಲಿ, ಸಾಲದ ವಿಚಾರದಲ್ಲಿ ನಡೆಯುತ್ತಿರುವುದೂ ಇದೇ.

ಹಣ ಹೋದ ಮೇಲೆ ನಾಚಿಕೆ ಅಡ್ಡ ಬರುತ್ತದೆ. ಓಣಿಯವರು ನಕ್ಕಾರೆಂದು ಎರಡು ದಿನ ಸುಮ್ಮನಿದ್ದು ಆಮೇಲೆ ಠಾಣೆಗೆ ಹೋಗುತ್ತಾರೆ. ಅಷ್ಟರಲ್ಲಿ ಹಣವು ಖಾತೆಯಿಂದ ಖಾತೆಗೆ ಹರಿದು ಹೋಗಿರುತ್ತದೆ. 1930 ಎಂಬ ಸೈಬರ್ ವಂಚನೆಯ ಸಹಾಯವಾಣಿಗೆ ತಡಮಾಡದೆ ಕರೆಮಾಡಿದರೆ ಆ ಹರಿವನ್ನು ನಡುವೆಯೇ ತಡೆಹಿಡಿಯುವ ಸಂಭವವುಂಟು. ಕರೆ ಮಾಡುವಾಗ ವಹಿವಾಟಿನ ಸಂಖ್ಯೆ, ಹೊತ್ತು, ಮೊತ್ತ ಕೈಯಲ್ಲಿರಲಿ. ಮತ್ತು ಅಷ್ಟರಲ್ಲಿ ಅದೇ ವಂಚಕನು ಪುನಃ ಕರೆಮಾಡಿ, ಕೈತಪ್ಪಿನಿಂದ ಹೀಗಾಯಿತು, ಹಣ ಹಿಂದಿರುಗಿಸುತ್ತೇನೆ, ಈ ಇನ್ನೊಂದು ಸಂಕೇತವನ್ನು ಸ್ಕ್ಯಾನ್ ಮಾಡಿ ಎಂದರೆ, ದಯವಿಟ್ಟು ಮಾಡಬೇಡಿ.