ಫೋನಿನ ಆ ತುದಿಯಲ್ಲಿ ಯಾರು?

"ಹಲೋ, ಯಾರ್ರೀ ಮಾತಾಡೋದು?" ದೂರವಾಣಿ ಬಂದ ದಿನದಿಂದ ನಮ್ಮ ಕಡೆ ಎಲ್ಲರೂ ಕೇಳುತ್ತ ಬಂದ ಪ್ರಶ್ನೆ ಇದು. ಬಾಗಿಲು ತಟ್ಟಿದವರನ್ನು ಕಿಟಕಿಯಿಂದ ಇಣುಕಿ ನೋಡಬಹುದು. ಆದರೆ ಫೋನಿನಲ್ಲಿ ಬರುವವನಿಗೆ ಮುಖವಿಲ್ಲ. ನಮಗೆ ಮೊದಲು ಕಾಣುವುದು ಅವನ ಸಂಖ್ಯೆ ಮಾತ್ರ. ಆ ಸಂಖ್ಯೆಯಿಂದ ಮನುಷ್ಯನನ್ನು ಗುರುತಿಸಬಹುದೆ? ಗುರುತಿಸಿದರೂ ಅದನ್ನು ಎಷ್ಟು ನಂಬಬಹುದು? ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಕೂಡಿ ತಿಳಿಯಬೇಕಾದ ವಿಷಯವಿದು.

ಸಂಖ್ಯೆಯೇ ಊರು ಹೇಳುತ್ತಿದ್ದ ಕಾಲ

ಟ್ರಂಕ್ ಕಾಲ್ ಕಾಲದಲ್ಲಿ ಇಂಥ ಊರಿನಿಂದ ಕರೆ ಬಂದಿದೆ ಎಂದು ಆಪರೇಟರ್ ಮೊದಲೇ ಹೇಳುತ್ತಿದ್ದರು. 1960ರ ನವೆಂಬರ್ 26ರಂದು ಲಖನೌ ಮತ್ತು ಕಾನಪುರದ ನಡುವೆ ದೇಶದ ಮೊದಲ ಎಸ್.ಟಿ.ಡಿ. ಸೇವೆ ಆರಂಭವಾಯಿತು. ಮುಂದೆ ಒಂದೊಂದು ಊರಿಗೆ ಒಂದೊಂದು ಕೋಡ್ ಬಂದಿತು. ಬೆಂಗಳೂರಿಗೆ 080, ಹುಬ್ಬಳ್ಳಿ-ಧಾರವಾಡಕ್ಕೆ 0836, ನವಲಗುಂದಕ್ಕೆ 08380.

ಇದರಲ್ಲೊಂದು ಸ್ವಾರಸ್ಯದ ಲೆಕ್ಕವಿದೆ. ಮೊದಲಿನ ಸೊನ್ನೆ ಬಿಟ್ಟರೆ, ಕೋಡ್ ಮತ್ತು ಸ್ಥಳೀಯ ಸಂಖ್ಯೆ ಕೂಡಿ ಹತ್ತೇ ಅಂಕಿ. ಬೆಂಗಳೂರಿಗೆ 2 ಮತ್ತು 8, ಹುಬ್ಬಳ್ಳಿಗೆ 3 ಮತ್ತು 7, ನವಲಗುಂದಕ್ಕೆ 4 ಮತ್ತು 6. ದೊಡ್ಡ ಊರಿಗೆ ಚಿಕ್ಕ ಕೋಡ್ ಏಕೆ? ಆರು ಅಂಕಿಗಳಿಂದ ಹತ್ತು ಲಕ್ಷ ಜೋಡಣೆಗಳಾದರೆ, ಎಂಟು ಅಂಕಿಗಳಿಂದ ಹತ್ತು ಕೋಟಿ ಆಗುತ್ತವೆ. ಮಂದಿ ಹೆಚ್ಚಿರುವಲ್ಲಿ ಸಂಖ್ಯೆಗಳೂ ಹೆಚ್ಚು ಬೇಕಷ್ಟೆ. ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಪಕ್ಕದ ಕಿತ್ತೂರಿನಲ್ಲಿ ಎಂಬುದನ್ನು ಮಕ್ಕಳು ಹೆಮ್ಮೆಯಿಂದ ನೆನಪಿಡಬೇಕು.

ಆಗ ಟೆಲಿಫೋನ್ ಡೈರೆಕ್ಟರಿ ಇತ್ತು. ಹೆಸರು ಗೊತ್ತಿದ್ದರೆ ಅದರಲ್ಲಿ ಸಂಖ್ಯೆ ಸಿಗುತ್ತಿತ್ತು. ಸಂಖ್ಯೆ ಮಾತ್ರ ಗೊತ್ತಿದ್ದರೆ ಹೆಸರು ಹುಡುಕಲು ಇಡೀ ಪುಸ್ತಕವನ್ನೇ ತಿರುವಬೇಕಿತ್ತು. ಗಣಕಯಂತ್ರಕ್ಕೆ ಈ ತೊಡಕಿಲ್ಲ. ಒಂದೇ ಪಟ್ಟಿಯನ್ನು ಅದು ಹೆಸರಿನಿಂದಲೂ ಸಂಖ್ಯೆಯಿಂದಲೂ ಕ್ಷಣದಲ್ಲಿ ಹುಡುಕಬಲ್ಲದು.

1995ರ ಜುಲೈ 31ರಂದು ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆಯಿತು. ಬಹುಕಾಲ ಮೊಬೈಲ್ ಸಂಖ್ಯೆಯ ಮೊದಲ ಅಂಕಿಗಳೂ ಗುಟ್ಟು ಬಿಟ್ಟುಕೊಡುತ್ತಿದ್ದವು. 9448 ಎಂದರೆ ಕರ್ನಾಟಕದ ಬಿ.ಎಸ್.ಎನ್.ಎಲ್. ಎಂದು ಎಲ್ಲರೂ ಬಲ್ಲವರೇ. ಆದರೆ 2011ರ ಜನವರಿ 20ರಿಂದ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಬಂದಿತು. 2015ರ ಜುಲೈನಿಂದ ಬೇರೆ ರಾಜ್ಯಕ್ಕೆ ಹೋದರೂ ಅದೇ ಸಂಖ್ಯೆ ಉಳಿಸಿಕೊಳ್ಳಬಹುದಾಯಿತು. ಹೀಗಾಗಿ ಈಗ ಸಂಖ್ಯೆ ನೋಡಿ ಊರು ಹೇಳುವುದು ಬರೀ ಊಹೆ.

ಸಂಖ್ಯೆ ಬಂದು ತಲಪುವ ಬಗೆ

ತಂತಿಯ ಫೋನಿನಲ್ಲಿ ಕರೆದವರ ಸಂಖ್ಯೆಯನ್ನು ಕಳಿಸಲು ಎರಡು ವಿಧಾನಗಳಿದ್ದವು. ಒಂದರಲ್ಲಿ ಪ್ರತಿ ಅಂಕಿಗೂ ಎರಡು ಸ್ವರಗಳ ಜೋಡಿ. ಉದಾಹರಣೆಗೆ 8 ಎಂದರೆ 852 ಮತ್ತು 1336 ಹರ್ಟ್ಸ್ ಸ್ವರಗಳು ಕೂಡಿ ಬರುತ್ತವೆ. ಇನ್ನೊಂದರಲ್ಲಿ ಮೊದಲ ಮತ್ತು ಎರಡನೆಯ ಗಂಟೆಗಳ ನಡುವಿನ ಮೌನದಲ್ಲಿ ಸಂಖ್ಯೆ ಬಂದು ಬಿಡುತ್ತದೆ. ಮೊಬೈಲಿನಲ್ಲಿ ಧ್ವನಿಯ ದಾರಿಯೇ ಬೇರೆ, ಸಂಕೇತದ ದಾರಿಯೇ ಬೇರೆ. ಗಂಟೆ ಬಾರಿಸುವ ಮುನ್ನವೇ ಸಂಖ್ಯೆ ಸಂಕೇತವಾಗಿ ಬಂದಿರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅಂಚೆಯ ಇನ್‌ಲ್ಯಾಂಡ್ ಪತ್ರದಲ್ಲಿ ಕಳಿಸುವವರ ವಿಳಾಸಕ್ಕೆ ಜಾಗವಿರುತ್ತದೆ. ಅಲ್ಲಿ ಯಾರು ಏನು ಬರೆದರೂ ಪತ್ರ ತಲಪುತ್ತದೆ. ಫೋನಿನ ಸಂಖ್ಯೆಯೂ ಹಾಗೆಯೇ. ಕರೆ ಹೊರಟ ಕಡೆಯಲ್ಲಿ ಬರೆದದ್ದನ್ನೇ ನಮ್ಮ ಫೋನು ತೋರಿಸುತ್ತದೆ. ಅಂತರ್ಜಾಲದ ಮೂಲಕ ಕರೆ ಮಾಡುವ ಮೋಸಗಾರರು ಹೊರದೇಶದಲ್ಲಿ ಕುಳಿತು +91 ಎಂಬ ನಮ್ಮ ದೇಶದ ಸಂಖ್ಯೆಯನ್ನೇ ಬರೆದು ಕಳಿಸುತ್ತಾರೆ. ಇಂಥ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 22ರಂದು ಆರಂಭಿಸಿತು. ಮೊದಲ 24 ಗಂಟೆಗಳಲ್ಲಿಯೇ ಸುಮಾರು 1.35 ಕೋಟಿ ಸುಳ್ಳು ಕರೆಗಳನ್ನು ಗುರುತಿಸಿ ತಡೆಯಲಾಯಿತು ಎಂದರೆ ಪಿಡುಗಿನ ಗಾತ್ರ ತಿಳಿದೀತು.

ಹೆಸರು ಹೇಳುವವರು ಯಾರು?

2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಟ್ರೂಕಾಲರ್ ಇಂದು ನಮ್ಮಲ್ಲಿ ಹಲವರ ಫೋನಿನಲ್ಲಿದೆ. ಅದು ತೋರಿಸುವ ಹೆಸರು ಎಲ್ಲಿಂದ ಬಂದದ್ದು? ಯಾವ ಸರ್ಕಾರಿ ದಾಖಲೆಯಿಂದಲೂ ಅಲ್ಲ. ಬಳಕೆದಾರರು ತಾವೇ ಬರೆದುಕೊಂಡ ಹೆಸರು, ಇತರರು ಸೂಚಿಸಿದ ಹೆಸರು ಮತ್ತು 'ಇದು ಕಿರಿಕಿರಿ ಕರೆ' ಎಂದು ಜನ ಕೊಟ್ಟ ದೂರು, ಇವೇ ಅದರ ಬಂಡವಾಳ. ಅಂದರೆ ಅದು ಊರ ಕಟ್ಟೆಯ ಮೇಲಿನ ಮಾತಿನಂತೆ. ಬಹಳ ಸಲ ನಿಜ, ಕೆಲವು ಸಲ ಸುಳ್ಳು. ಮೋಸಗಾರನೊಬ್ಬ ತನಗೆ ತಾನೇ 'ಬ್ಯಾಂಕ್ ಮ್ಯಾನೇಜರ್' ಎಂದು ಹೆಸರಿಟ್ಟುಕೊಂಡರೆ ಪರದೆಯ ಮೇಲೆ ಅದೇ ಕಂಡೀತು.

ಇದಕ್ಕೆ ಪರಿಹಾರವಾಗಿ, ಸಿಮ್ ಪಡೆಯುವಾಗ ಕೊಟ್ಟ ಅರ್ಜಿಯಲ್ಲಿನ ಹೆಸರನ್ನೇ ಕರೆಯೊಂದಿಗೆ ತೋರಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಒಳ್ಳೆಯ ಕ್ರಮವೇ. ಆದರೆ ನಮ್ಮ ಹಳ್ಳಿಗಳ ಸ್ಥಿತಿ ನೋಡಿ. ಎಷ್ಟೋ ಮನೆಗಳಲ್ಲಿ ಎಲ್ಲ ಸಿಮ್ಮುಗಳೂ ಯಜಮಾನರ ಹೆಸರಿನಲ್ಲಿವೆ. ಕಾಲೇಜಿಗೆ ಹೋಗುವ ಮಗಳು ಕರೆದರೂ ತೋರುವುದು ತಂದೆಯ ಹೆಸರೇ. ದಾಖಲೆಯ ಹೆಸರು ಸಿಮ್ ಯಾರದೆಂದು ಹೇಳೀತು, ಮಾತನಾಡುತ್ತಿರುವವರು ಯಾರೆಂದು ಹೇಳಲಾರದು.

ಇನ್ನೊಂದು ಮಗ್ಗುಲೂ ಇದೆ. ಅಪರಿಚಿತನ ಹೆಸರನ್ನು ನಮಗೆ ತೋರಿಸುವ ಸಾಧನವೇ ನಮ್ಮ ಹೆಣ್ಣುಮಕ್ಕಳ ಹೆಸರನ್ನು ಅಪರಿಚಿತನಿಗೂ ತೋರಿಸುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಗೆಳೆಯರ ಸಂಖ್ಯೆಯನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಕೊಡಬಾರದೆಂಬುದು ಮಕ್ಕಳಿಗೆ ಶಾಲೆಯಲ್ಲಿಯೇ ರೂಢಿಯಾಗಬೇಕು.

ಮನೆಯಲ್ಲಿ ಪಾಲಿಸಬೇಕಾದದ್ದು

ತಿರ್ಲಾಪುರದಂಥ ಊರಿನಲ್ಲಿ ಹಿರಿಯರು ಹೊಲಕ್ಕೆ ಹೋದಾಗ ಫೋನು ಮಕ್ಕಳ ಕೈಯಲ್ಲಿರುತ್ತದೆ. ಆ ಫೋನಿಗೆ ಬ್ಯಾಂಕಿನ ಖಾತೆಯೂ ಅಂಟಿಕೊಂಡಿರುತ್ತದೆ. "ಬೆಳೆ ವಿಮೆ ಹಣ ಬಂದೈತಿ, ಒ.ಟಿ.ಪಿ. ಹೇಳು ತಮ್ಮಾ" ಎಂಬ ಒಂದು ಸಿಹಿ ಮಾತಿಗೆ ವರ್ಷದ ಬೆಳೆಯ ಹಣವೇ ಹೋಗಬಹುದು. ಆದ್ದರಿಂದ ಈ ಕೆಲವು ಮಾತುಗಳು ನೆನಪಿರಲಿ.

140ರಿಂದ ಆರಂಭವಾಗುವ ಸಂಖ್ಯೆ ಜಾಹೀರಾತಿನ ಕರೆಗೆ ಮೀಸಲು. ಬ್ಯಾಂಕು ಮೊದಲಾದ ಹಣಕಾಸು ಸಂಸ್ಥೆಗಳ ಸೇವಾ ಕರೆಗಳಿಗೆ 1600 ಶ್ರೇಣಿ ನಿಗದಿಯಾಗಿದೆ. +91 ಅಲ್ಲದ ಹೊರದೇಶದ ಸಂಖ್ಯೆಯಿಂದ ಒಂದೇ ಗಂಟೆ ಬಾರಿಸಿ ನಿಂತ ಕರೆಗೆ ತಿರುಗಿ ಕರೆಯಬೇಡಿ. ಬ್ಯಾಂಕಿನವರೆಂದು ಯಾರಾದರೂ ಹೇಳಿದರೆ ಫೋನು ಇಟ್ಟು, ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ. ಬಂದ ಸಂಖ್ಯೆ ಸುಳ್ಳಿರಬಹುದು, ಆದರೆ ನೀವಾಗಿ ಒತ್ತಿದ ಸಂಖ್ಯೆ ಅದರ ನಿಜವಾದ ಒಡೆಯನಿಗೇ ಹೋಗುತ್ತದೆ. ಪೊಲೀಸರೆಂದು ಹೇಳಿ 'ಡಿಜಿಟಲ್ ಅರೆಸ್ಟ್' ಮಾಡುತ್ತೇವೆಂದರೆ ಹೆದರಬೇಡಿ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಸಂಶಯದ ಕರೆಯನ್ನು ಸರ್ಕಾರದ 'ಸಂಚಾರ್ ಸಾಥಿ'ಯ 'ಚಕ್ಷು' ವಿಭಾಗಕ್ಕೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. ಮಗು ಅಪರಿಚಿತ ಕರೆಯ ವಿಷಯ ಹೇಳಲು ಬಂದಾಗ ಮೊದಲು ಬಯ್ಯಬೇಡಿ, ಕೇಳಿಸಿಕೊಳ್ಳಿ. ಬೈಗುಳಕ್ಕೆ ಹೆದರಿ ಮಗು ಮುಚ್ಚಿಟ್ಟರೆ ಆ ಮೌನವೇ ಮೋಸಗಾರನಿಗೆ ದೊಡ್ಡ ಆಸರೆ. ಯಾವ ತಂತ್ರಜ್ಞಾನ ಬಂದರೂ, ಬಂದ ಕರೆಯ ಬಗ್ಗೆ ಮನೆಯಲ್ಲಿ ನಾಲ್ಕು ಮಂದಿ ಕೂಡಿ ಮಾತನಾಡುವುದಕ್ಕಿಂತ ಒಳ್ಳೆಯ ಕಾವಲು ಇನ್ನೊಂದಿಲ್ಲ.