ಕೊರಳಪಟ್ಟಿಯೂ ಎರಡು ಬೆರಳೂ

ಮನೆಗೆ ನಾಯಿಮರಿ ಬಂದ ದಿನ ಎರಡು ಶಾಸ್ತ್ರಗಳು ತಪ್ಪದೆ ನಡೆಯುತ್ತವೆ. ಮೊದಲನೆಯದು ನಾಮಕರಣ. ರಾಜು, ಟೈಗರ್, ಕರಿಯ, ಜಿಮ್ಮಿ ಎಂದು ಮನೆಮಂದಿಯೆಲ್ಲ ಒಂದೊಂದು ಹೆಸರನ್ನು ಸೂಚಿಸಿ, ಕಡೆಗೆ ಮಕ್ಕಳು ಕೂಗಿದ್ದೇ ಹೆಸರಾಗಿ ನಿಲ್ಲುತ್ತದೆ. ಎರಡನೆಯದು ಕಂಠಾಭರಣ. ಮನೆಯ ಯಜಮಾನರು ಪೇಟೆಯಿಂದ ಕೆಂಪು ಬಣ್ಣದ ಪಟ್ಟಿಯೊಂದನ್ನು ತಂದು, ಮರಿಯ ಕೊರಳಿಗೆ ಬಿಗಿದು, "ಈಗ ನೋಡಿ, ಎಂಥ ಠೀವಿ!" ಎಂದು ಮೆಚ್ಚಿಕೊಳ್ಳುತ್ತಾರೆ. ನಾಮಕರಣ ಒಮ್ಮೆ ಆದರೆ ಆಯಿತು. ಪಟ್ಟಿಯ ಶಾಸ್ತ್ರ ಮಾತ್ರ ಒಮ್ಮೆಗೆ ಮುಗಿಯುವುದಲ್ಲ. ಮುಗಿಯಿತೆಂದು ತಿಳಿದು ಕೆಟ್ಟವರಲ್ಲಿ ಈ ಲೇಖಕನೂ ಒಬ್ಬ.

ನಮ್ಮ ಕರಿಯನಿಗೆ ಪಟ್ಟಿ ಕಟ್ಟಿದಾಗ ಅವನಿಗೆ ಎರಡು ತಿಂಗಳು. ಮುಂದೆ ಮಳೆಗಾಲ ಹಿಡಿಯಿತು. ಮರಿ ಮೈಕೈ ತುಂಬಿಕೊಂಡು ಬೆಳೆಯಿತು. ಕೊರಳಿನ ಕೂದಲು ದಟ್ಟವಾಯಿತು. ಪಟ್ಟಿ ಅದರೊಳಗೆ ಮರೆಯಾಯಿತು. ಕೆಲವು ದಿನಗಳಿಂದ ಅವನ ಮೈಯಿಂದ ಒಂದು ಬಗೆಯ ದುರ್ವಾಸನೆ ಬರುತ್ತಿತ್ತು. ತೊಯ್ದ ಕೂದಲಿನ ವಾಸನೆಯೆಂದು ನಾವು ಸುಮ್ಮನಿದ್ದೆವು. ತಲೆ ಸವರಲು ಹೋದರೆ ಗುರುಗುಟ್ಟುತ್ತಿದ್ದ. ಬೆಳೆದ ನಾಯಿಯ ಗರ್ವವೆಂದು ನಕ್ಕೆವು. ಕಡೆಗೊಂದು ಬೆಳಗ್ಗೆ ನನ್ನ ಹೆಂಡತಿ ಕೂದಲನ್ನು ಬಿಡಿಸಿ ನೋಡಿದಾಗ ಪಟ್ಟಿ ಕಾಣಲಿಲ್ಲ. ಅದು ಇರಬೇಕಾದ ಸ್ಥಳದಲ್ಲಿ ಕೊರಳಿನ ಸುತ್ತ ಕೀವು ತುಂಬಿದ ಗಾಯ ಮಾತ್ರವಿತ್ತು. ಪಟ್ಟಿ ಮಾಂಸದೊಳಗೆ ಇಳಿದಿತ್ತು.

ಪಶುವೈದ್ಯರು ಮರಿಗೆ ಅರಿವಳಿಕೆ ಕೊಟ್ಟು, ಪಟ್ಟಿಯನ್ನು ಕತ್ತರಿಸಿ ತೆಗೆದು, ಹುಳಗಳನ್ನು ಒಂದೊಂದಾಗಿ ಆರಿಸಿ, ಗಾಯವನ್ನು ತೊಳೆದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಗದರಿಸಲಿಲ್ಲ. "ಕಟ್ಟಿದ ದಿನ ಪಟ್ಟಿ ಸರಿಯಾಗಿಯೇ ಇದ್ದಿರಬೇಕು, ಸ್ವಾಮಿ. ಆಮೇಲೆ ಮರಿ ಬೆಳೆಯಿತು, ಪಟ್ಟಿ ಬೆಳೆಯಲಿಲ್ಲ. ನಡೆದದ್ದು ಅಷ್ಟೇ," ಎಂದರು. ಗಾಯ ಮಾಯಿತು. ಕೊರಳಿನ ಸುತ್ತ ಕೂದಲು ಹುಟ್ಟದ ಒಂದು ಗೆರೆ ಮಾತ್ರ ಉಳಿಯಿತು. ಅಂದು ಆ ವೈದ್ಯರಿಂದ ಕಲಿತದ್ದನ್ನೂ, ಅನಂತರ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಕಾಲದ ವಿವೇಕ

ನಾಯಿಯ ಕೊರಳಪಟ್ಟಿ ಇಂದು ನಿನ್ನೆಯದಲ್ಲ. ಕ್ರಿ. ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದ ಒಂದು ಮನೆಯ ಬಾಗಿಲಲ್ಲಿ, ಬಣ್ಣದ ಕಲ್ಲುಚೂರುಗಳಿಂದ ಮಾಡಿದ ನಾಯಿಯ ಚಿತ್ರವುಂಟು. ಅದರ ಕೊರಳಲ್ಲಿ ಪಟ್ಟಿಯೂ ಸರಪಣಿಯೂ ಸ್ಪಷ್ಟವಾಗಿ ಕಾಣುತ್ತವೆ. ಅದಕ್ಕಿಂತ ಸುಮಾರು ನೂರು ವರ್ಷ ಹಿಂದೆ, ವಾರೋ ಎಂಬ ರೋಮನ್ ವಿದ್ವಾಂಸನು ತನ್ನ ಕೃಷಿಗ್ರಂಥದಲ್ಲಿ ಕುರಿಕಾಯುವ ನಾಯಿಗಳಿಗೆ ಹಾಕುವ ಪಟ್ಟಿಯನ್ನು ವರ್ಣಿಸಿದ್ದಾನೆ. ಕಾಡುಮೃಗಗಳು ಕೊರಳಿಗೆ ಬಾಯಿ ಹಾಕದಂತೆ ಗಟ್ಟಿಯಾದ ತೊಗಲಿಗೆ ಮೊಳೆಗಳನ್ನು ಹೊಡೆದ ಪಟ್ಟಿಯದು. ಆದರೆ ಆ ಮೊಳೆಯ ತಲೆಗಳು ನಾಯಿಯ ಕೊರಳಿಗೆ ಒತ್ತದಂತೆ ಒಳಮೈಗೆ ಮೆತ್ತನೆಯ ತೊಗಲನ್ನು ಹೊಲಿಯಬೇಕೆಂದು ಅವನು ಮರೆಯದೆ ಹೇಳುತ್ತಾನೆ. ಎರಡು ಸಾವಿರ ವರ್ಷಗಳ ಹಿಂದೆಯೇ ರಕ್ಷಣೆಯ ಜೊತೆಗೆ ನಾಯಿಯ ಸುಖವನ್ನೂ ಯೋಚಿಸಿದವರಿದ್ದರು.

ನಾಯಿಯನ್ನು ಗೌರವಿಸುವುದರಲ್ಲಿ ನಮ್ಮ ನಾಡೇನೂ ಹಿಂದುಳಿದುದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ವೀರಗಲ್ಲು ಕಾಳಿಯೆಂಬ ಬೇಟೆನಾಯಿಯ ನೆನಪಿಗಾಗಿ ನಿಂತದ್ದು. ಗಂಗರಸ ಬೂತುಗನಿಂದ ಮಣಲೆರನು ಬೇಡಿ ಪಡೆದ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ನಾಯಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ ನಾಯಿಯ ಕೊರಳು ಹುಣ್ಣಾಗಬಾರದಲ್ಲವೆ?

ಕೊರಳೆಂದರೆ ಗೂಟವಲ್ಲ

ಕೊರಳಿನ ಮುಂಭಾಗದಲ್ಲಿ ಶ್ವಾಸನಾಳವಿದೆ. ಅದರ ಅಕ್ಕಪಕ್ಕದಲ್ಲಿ ಥೈರಾಯ್ಡ್ ಗ್ರಂಥಿಗಳು, ತಲೆಗೆ ರಕ್ತ ಒಯ್ಯುವ ಮತ್ತು ತರುವ ನಾಳಗಳು, ಮುಖ್ಯವಾದ ನರಗಳು ಇವೆ. ನಾಯಿ ಮುಂದಕ್ಕೆ ಜಗ್ಗಿದಾಗ ಇವೆಲ್ಲದರ ಮೇಲೂ ಪಟ್ಟಿ ಒತ್ತುತ್ತದೆ. ಪಟ್ಟಿ ಎಳೆದಾಗ ನಾಯಿಯ ಕಣ್ಣಿನ ಒಳಗಿನ ಒತ್ತಡ ಏರುವುದೆಂದೂ, ಎದೆಗೆ ಕಟ್ಟುವ ಪಟ್ಟಿಯನ್ನು ಎಳೆದಾಗ ಹಾಗಾಗುವುದಿಲ್ಲವೆಂದೂ 2006ರಲ್ಲಿ ಪ್ರಕಟವಾದ ಒಂದು ಪಶುವೈದ್ಯ ಅಧ್ಯಯನ ತೋರಿಸಿದೆ. ಪಾಮರೇನಿಯನ್‌ನಂಥ ಪುಟ್ಟ ತಳಿಗಳಲ್ಲಿ ಶ್ವಾಸನಾಳವೇ ದುರ್ಬಲವಾಗಿ ಕುಸಿಯುವ ರೋಗವುಂಟು. ಪಗ್ ನಾಯಿಗೆ ಚಪ್ಪಟೆ ಮೂಗಿನಿಂದಾಗಿ ಉಸಿರಾಟವೇ ಕಷ್ಟ. ಇಂಥ ನಾಯಿಗಳಿಗೂ, ಬಲವಾಗಿ ಜಗ್ಗುವ ನಾಯಿಗಳಿಗೂ ಹಗ್ಗವನ್ನು ಎದೆಪಟ್ಟಿಗೆ ಸಿಕ್ಕಿಸಿ, ಕೊರಳಪಟ್ಟಿಯನ್ನು ಗುರುತಿಗೆ ಮಾತ್ರ ಉಳಿಸುವುದು ಲೇಸು. ಎಳೆದಷ್ಟೂ ಕುಣಿಕೆಯಂತೆ ಬಿಗಿಯುವ ಸರಪಣಿಯನ್ನಂತೂ ಯಾವ ನಾಯಿಗೂ ಹಾಕಬಾರದು.

ಅಳತೆಯ ಕ್ರಮ

ಅಳತೆಗೆ ಒಂದು ದಾರ ಸಾಕು. ನಾಯಿ ನಿಂತಿರುವಾಗ, ತಲೆಯನ್ನು ಸಹಜವಾಗಿ ಹಿಡಿದಿರುವಾಗ, ಪಟ್ಟಿ ಕೂರುವ ಸ್ಥಳದಲ್ಲಿ ದಾರವನ್ನು ಬಿಗಿಯದೆ ಸುತ್ತಿ ಅಳೆಯಬೇಕು. ಈ ಅಳತೆಗೆ ಎರಡು ಬೆರಳಿನ ಸಡಿಲವನ್ನು ಕೂಡಿಸಿಕೊಂಡು ಪಟ್ಟಿಯನ್ನು ಆರಿಸತಕ್ಕದ್ದು. ಬೆಳೆದ ನಾಯಿಗಾದರೆ ಆ ಅಳತೆ ಪಟ್ಟಿಯ ನಡುವಿನ ತೂತಿಗೆ ಬರಲಿ. ಆಗ ಎರಡು ಕಡೆಗೂ ಸರಿಪಡಿಸಲು ಅವಕಾಶವಿರುತ್ತದೆ. ಮರಿಗಾದರೆ ಒಳಗಿನ ತೂತಿಗೆ ಬರಲಿ, ಬೆಳೆದಂತೆಲ್ಲ ಸಡಿಲಿಸಬಹುದು.

ಕಟ್ಟಿದ ಮೇಲೆ ಮೂರು ಪರೀಕ್ಷೆಗಳು. ಒಂದನೆಯದು ಬೆರಳಿನ ಪರೀಕ್ಷೆ. ಎರಡು ಬೆರಳುಗಳನ್ನು ಒಂದರ ಪಕ್ಕ ಒಂದಿಟ್ಟು ಚಪ್ಪಟೆಯಾಗಿ ಪಟ್ಟಿಯ ಕೆಳಗೆ ತೂರಿಸಿದರೆ, ಅವು ಒತ್ತಾಯವಿಲ್ಲದೆ ಹೋಗಬೇಕು. ತೀರ ಪುಟ್ಟ ಮರಿಗೆ ಒಂದು ಬೆರಳು ಸಾಕು. ಕೂದಲು ದಟ್ಟವಾದ ನಾಯಿಯಲ್ಲಿ ಬೆರಳು ಕೂದಲ ಮೇಲೆ ಜಾರಿದರೆ ಸಾಲದು, ಚರ್ಮವನ್ನು ಮುಟ್ಟಬೇಕು. ಎರಡನೆಯ ಪರೀಕ್ಷೆ, ಪಟ್ಟಿಯನ್ನು ಮೆಲ್ಲನೆ ಕಿವಿಯ ಕಡೆಗೆ ಎಳೆಯುವುದು. ಅದು ಕಿವಿಯನ್ನು ದಾಟಿ ಕಳಚಿಕೊಳ್ಳಬಾರದು. ಮೂರನೆಯದು, ಪಟ್ಟಿಯನ್ನು ಕೊರಳಿನ ಸುತ್ತ ತಿರುಗಿಸಿ ನೋಡುವುದು. ಅದು ಎಲ್ಲಿಯೂ ಸಿಕ್ಕಿಕೊಳ್ಳದೆ, ಕೂದಲು ಕೀಳದೆ ತಿರುಗಬೇಕು.

ಬಿಗಿಯಾದರೆ ಕೇಡೆಂದು ಜೋಲು ಬಿಟ್ಟರೂ ಕೇಡೇ. ಸಡಿಲವಾದ ಪಟ್ಟಿ ರಸ್ತೆಯ ನಡುವೆ ಕಳಚಿಕೊಂಡರೆ ನಾಯಿ ವಾಹನಗಳ ಪಾಲು. ಮೈ ನೆಕ್ಕಿಕೊಳ್ಳುವಾಗ ಕೆಳದವಡೆಯೂ, ಕೊರಳು ಕೆರೆದುಕೊಳ್ಳುವಾಗ ಕಾಲೂ ಅದರೊಳಗೆ ಸಿಕ್ಕಿ, ಬಿಡಿಸಿಕೊಳ್ಳಲಾರದೆ ಒದ್ದಾಡುವುದುಂಟು.

ಮರಿಯನ್ನು ವಾರಕ್ಕೊಮ್ಮೆ ಈ ಪರೀಕ್ಷೆಗೆ ಒಡ್ಡಲೇಬೇಕು. ಪುಟ್ಟ ತಳಿಗಳು ಸುಮಾರು ಒಂದು ವರ್ಷಕ್ಕೆ ಬೆಳವಣಿಗೆ ಮುಗಿಸುತ್ತವೆ; ದೊಡ್ಡ ತಳಿಗಳಿಗೆ ಒಂದೂವರೆ ಎರಡು ವರ್ಷ ಹಿಡಿಯಬಹುದು. ಹೊಸ ಪಟ್ಟಿಯನ್ನು ಮರಿ ಕೆರೆದುಕೊಂಡು ವಿರೋಧಿಸುವುದು ಸಹಜ. ಊಟದ ಹೊತ್ತಿಗೆ ಕೆಲವು ನಿಮಿಷ ಹಾಕಿ, ತೆಗೆದು, ದಿನದಿನಕ್ಕೆ ಹೊತ್ತನ್ನು ಹೆಚ್ಚಿಸಿದರೆ ಬಲುಬೇಗ ಒಗ್ಗಿಕೊಳ್ಳುತ್ತದೆ.

ಮುಧೋಳದ ನಾಯಿಯ ವಿಶೇಷ

ಎಲ್ಲ ನಾಯಿಗಳ ಕೊರಳೂ ಒಂದೇ ಬಗೆಯದಲ್ಲ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ನಮ್ಮ ಮುಧೋಳದ ಬೇಟೆನಾಯಿಯನ್ನು ನೋಡಿ. ಕೊರಳು ನೀಳವಾದದ್ದು, ತಲೆ ಉದ್ದವಾಗಿ ಕಿರಿದಾದದ್ದು. ಸಾಧಾರಣ ಪಟ್ಟಿಯನ್ನು ಎರಡು ಬೆರಳಿನ ಲೆಕ್ಕದಲ್ಲಿ ಕಟ್ಟಿದರೂ ಅದು ಹಿಮ್ಮೆಟ್ಟಿ ತಲೆಯನ್ನು ಜಗ್ಗಿದರೆ ಪಟ್ಟಿ ಕೈಯಲ್ಲಿ, ನಾಯಿ ಬಯಲಿನಲ್ಲಿ! ಇಂಥ ನಾಯಿಗೆ ಅಗಲವಾದ, ಮೆತ್ತನೆಯ ಒಳಮೈಯುಳ್ಳ ಪಟ್ಟಿ ಬೇಕು. ಅಗಲ ಹೆಚ್ಚಿದಷ್ಟೂ ಎಳೆತದ ಭಾರ ಕೊರಳಿನ ಮೇಲೆ ಹರಡಿಕೊಂಡು ಒತ್ತಡ ಕಡಿಮೆಯಾಗುತ್ತದೆ. ದೊಡ್ಡದೊಂದು ಸುತ್ತಿಗೆ ಚಿಕ್ಕದೊಂದು ಸುತ್ತನ್ನು ಪೋಣಿಸಿದ ಮಾರ್ಟಿಂಗೇಲ್ ಎಂಬ ಪಟ್ಟಿಯೂ ದೊರೆಯುತ್ತದೆ. ಎಳೆದಾಗ ಅದು ಒಂದು ಮಿತಿಯವರೆಗೆ ಮಾತ್ರ ಬಿಗಿಯುತ್ತದೆ. ಆ ಮಿತಿ ಕೊರಳಿನ ಸುತ್ತಳತೆಗೆ ಸರಿಯಾಗಿರಬೇಕೇ ಹೊರತು ಅದಕ್ಕಿಂತ ಕಿರಿದಾಗಬಾರದು. ನಡೆದಾಡಿಸಿ ತಂದ ಮೇಲೆ ಅದನ್ನು ಬಿಚ್ಚಿಡಬೇಕು.

ಪಟ್ಟಿಯ ಆರೈಕೆ

ತೊಗಲಿನ ಪಟ್ಟಿ ಬಾಳಿಕೆಯದು, ಆದರೆ ನೆನೆದು ಒಣಗಿದರೆ ಗಡುಸಾಗುತ್ತದೆ. ನೈಲಾನ್ ಪಟ್ಟಿ ಹಗುರ, ತೊಳೆಯಲು ಸುಲಭ. ಅಂಚು ಮಾತ್ರ ಹರಿತವಾಗಿರಬಾರದು. ಕಬ್ಬಿಣದ ಸರಪಣಿಯನ್ನು ನೇರವಾಗಿ ಕೊರಳಿಗೆ ಸುತ್ತುವುದು ಬೇಡ. ಅದು ಭಾರ, ಕೂದಲನ್ನು ಸವೆಸುತ್ತದೆ, ಬಿಸಿಲಿಗೆ ಕಾಯುತ್ತದೆ. ಮಳೆಗಾಲದಲ್ಲಿ ಒದ್ದೆ ಪಟ್ಟಿಯನ್ನು ಬಿಚ್ಚಿ, ಕೊರಳನ್ನು ಒರೆಸಿ, ಪಟ್ಟಿ ಒಣಗಿದ ಮೇಲೆಯೇ ಹಾಕಬೇಕು. ಪಟ್ಟಿಯ ಅಡಿ ಉಣ್ಣಿಗಳಿಗೆ ಪ್ರಿಯವಾದ ತಾಣ. ಬಿಚ್ಚಿದಾಗಲೆಲ್ಲ ಅಲ್ಲಿ ಬೆರಳಾಡಿಸಿ ನೋಡಿ. ಕೆಂಪಾದ ಚರ್ಮ, ಉದುರಿದ ಕೂದಲು, ದುರ್ವಾಸನೆ ಇವುಗಳಲ್ಲಿ ಯಾವುದು ಕಂಡರೂ ಪಟ್ಟಿಯನ್ನು ತೆಗೆದಿಟ್ಟು ವೈದ್ಯರಲ್ಲಿಗೆ ಹೋಗಿ. ಮಾಂಸಕ್ಕೆ ಇಳಿದ ಪಟ್ಟಿಯನ್ನು ಮಾತ್ರ ಮನೆಯಲ್ಲಿ ಎಳೆದು ಕೀಳುವ ಸಾಹಸ ಬೇಡ.

ಬಾಗಿಲು ಭದ್ರವಾಗಿರುವ ಮನೆಯೊಳಗೆ ರಾತ್ರಿ ಪಟ್ಟಿಯನ್ನು ಬಿಚ್ಚಿದರೆ ಕೊರಳಿಗೆ ವಿಶ್ರಾಂತಿ. ಕಿಟಕಿಯ ಸರಳಿಗೆ, ಗೇಟಿನ ಕೊಕ್ಕೆಗೆ ಪಟ್ಟಿ ಸಿಕ್ಕಿಕೊಳ್ಳುವ ಭಯವೂ ತಪ್ಪುತ್ತದೆ. ಎರಡು ನಾಯಿಗಳು ಕಚ್ಚಾಡುತ್ತ ಆಡುವಾಗಲೂ ಬಿಚ್ಚುವುದು ಒಳ್ಳೆಯದು; ಒಂದರ ಹಲ್ಲು ಇನ್ನೊಂದರ ಪಟ್ಟಿಗೆ ಸಿಕ್ಕಿದರೆ ಎರಡಕ್ಕೂ ಪ್ರಾಣಾಪಾಯ. ಹೊರಗೆ ಹೋಗುವಾಗ ಮಾತ್ರ ಮನೆಯವರ ಫೋನ್ ಸಂಖ್ಯೆಯುಳ್ಳ ಬಿಲ್ಲೆ ಪಟ್ಟಿಯಲ್ಲಿರಲಿ.

ಕಾಂಪೌಂಡಿನ ಗೋಡೆಯ ಬಳಿಯಾಗಲಿ, ಮಹಡಿಯ ಅಂಚಿನಲ್ಲಾಗಲಿ ನಾಯಿಯನ್ನು ಕಟ್ಟಬೇಡಿ. ಬೆಕ್ಕನ್ನು ಕಂಡು ಆಚೆಗೆ ನೆಗೆದರೆ ಪಟ್ಟಿಯೇ ನೇಣಾಗುತ್ತದೆ. ಹಗಲಿರುಳು ಕಟ್ಟಿಹಾಕುವುದಂತೂ ಅಪರಾಧ. ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಣಿಯಲ್ಲಿ ಪ್ರಾಣಿಯನ್ನು ಮಿತಿಮೀರಿ ಕಟ್ಟಿಡುವುದನ್ನೂ, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೆ ಬಿಡುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ನಿಷೇಧಿಸುತ್ತದೆ.

ಕಡೆಯದಾಗಿ ಬೀದಿಯ ಮರಿಗಳ ಮಾತು. ಮಕ್ಕಳು ಪ್ರೀತಿಯಿಂದ ಮರಿಯ ಕೊರಳಿಗೆ ಪ್ಲಾಸ್ಟಿಕ್ ಹಗ್ಗವನ್ನೋ ತಂತಿಯನ್ನೋ ಕಟ್ಟುತ್ತಾರೆ. ಮರಿ ಬೇರೆ ಬೀದಿಗೆ ಹೋಗುತ್ತದೆ, ಮಕ್ಕಳು ಮರೆಯುತ್ತಾರೆ. ಹಗ್ಗ ಮರೆಯುವುದಿಲ್ಲ. ಅಂಥದೊಂದು ಮರಿ ಕಣ್ಣಿಗೆ ಬಿದ್ದರೆ, ಹಗ್ಗ ಇನ್ನೂ ಸಡಿಲವಾಗಿರುವಾಗಲೇ ಕತ್ತರಿಸಿಬಿಡಿ.

ನಮ್ಮ ಮನೆಯಲ್ಲಿ ಈಗ ಭಾನುವಾರ ಕರಿಯನ ಪಟ್ಟಿಯ ದಿನ. ಎಣ್ಣೆಸ್ನಾನಕ್ಕೆ ಮುಂಚೆ ಅವನನ್ನು ಕರೆದು, ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ, ಆ ಕೂದಲಿಲ್ಲದ ಗೆರೆಯನ್ನು ಸವರುತ್ತೇನೆ. ಅವನು ಕಣ್ಣು ಮುಚ್ಚಿ ಕೊರಳೆತ್ತಿ ಕೊಡುತ್ತಾನೆ. ಅವನು ನನ್ನನ್ನು ಎಂದೋ ಕ್ಷಮಿಸಿದ್ದಾನೆ. ನಾನು ಮರೆಯಬಾರದೆಂದೇ ಈ ವಾರದ ವ್ರತ.