ನಿಮಗಿದು ಗೊತ್ತೆ? ಮೊದಲ ಕನ್ನಡ ಟಾಕಿ ಕೊಲ್ಹಾಪುರದ ಕೂಸು!

ತೆರೆಯ ಮೇಲೆ ಮೊದಲು ಕನ್ನಡ ನುಡಿದ ಸಿನಿಮಾ ಚಿತ್ರೀಕರಣಗೊಂಡದ್ದು ಮರಾಠಿ ನೆಲದಲ್ಲಿ! 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನಾ' ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ನಿರ್ದೇಶಕರು ವೈ.ವಿ. ರಾವ್. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್.

ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಹಾಡು ಬಂತೆಂದರೆ ನಟರೇ ಕ್ಯಾಮೆರಾ ಮುಂದೆ ನಿಂತು, ಅಭಿನಯಿಸುತ್ತಲೇ ಹಾಡಬೇಕು. ನಾಟಕ ಕಂಪನಿಗಳಲ್ಲಿ ಪಳಗಿದ ಗಂಟಲಿಗೆ ಮಾತ್ರ ಅದು ಸಾಧ್ಯ!

ದುಃಖದ ಸಂಗತಿಯೆಂದರೆ, ಈ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಿರಿಯರೇ, ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಸಿನಿಮಾ ಹಾಡಿನ ಪುಸ್ತಕ, ಕರಪತ್ರ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ.